ನೀರಿನ ಭಾರ, ಮನೆಯ ಬಲ



ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ಬಣ್ಣಬಣ್ಣದ ಮೀನು. ನೋಡಲು ಚೆಂದ, ಮಕ್ಕಳಿಗೆ ಆನಂದ. ಪೇಟೆಯ ಮನೆಗಳ ಈ ಅಕ್ವೇರಿಯಂ ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಮೊದಲು ಒಂದಡಿಯ ಪುಟ್ಟ ತೊಟ್ಟಿ ಬರುತ್ತದೆ, ಮೀನು ಬೆಳೆದ ಹಾಗೆ ನಾಲ್ಕಡಿಯದು ಬೇಕೆನಿಸುತ್ತದೆ, ಕೆಲವರು ಆರಡಿಯ ತೊಟ್ಟಿಗೂ ಕೈ ಹಾಕುತ್ತಾರೆ. ಮೀನನ್ನು ಹೇಗೆ ಸಾಕಬೇಕು ಎಂಬುದು ಇಂದಿನ ಮಾತಲ್ಲ. ಆ ತೊಟ್ಟಿಯ ಕೆಳಗೆ ಇರುವ ನೆಲ ಅದನ್ನು ಹೊರುತ್ತದೆಯೇ, ಹೊರುವುದಾದರೆ ಕೋಣೆಯ ಯಾವ ಜಾಗದಲ್ಲಿ ಹೊರುತ್ತದೆ, ಇದನ್ನು ಮನೆಯವರೇ ಹೇಗೆ ನೋಡಿಕೊಳ್ಳಬೇಕು ಎಂಬುದೇ ಇಂದಿನ ವಿಷಯ. ನಮ್ಮಲ್ಲಿ ಮೀನು ಸಾಕದವರಿಗೂ ಈ ಮಾತು ಬೇಕು. ಏಕೆಂದರೆ ಮನೆಯ ಮೇಲೆ ಕೂರಿಸುವ ನೀರಿನ ಟಾಕಿಗೂ ಇದೇ ಲೆಕ್ಕ.

ಮೊದಲು ಭಾರದ ಮಾತು. ನೀರು ಹಗುರವಾಗಿ ಕಾಣುತ್ತದೆ. ಆದರೆ ಬಾವಿಯಿಂದ ಮನೆಗೆ ಕೊಡ ಹೊತ್ತ ತಾಯಂದಿರನ್ನು ಕೇಳಿ, ಅದರ ತೂಕ ಅವರಿಗೆ ಗೊತ್ತು. ಒಂದು ಲೀಟರ್ ನೀರು ಒಂದು ಕಿಲೋ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಡಬ್ಬಿಯಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ, ಅಂದರೆ 28 ಕಿಲೋ. ಈ 28 ಎಂಬ ಅಂಕಿಯೊಂದನ್ನು ನೆನಪಿಟ್ಟುಕೊಂಡರೆ ಸಾಕು, ಯಾವ ತೊಟ್ಟಿಯ ತೂಕವನ್ನಾದರೂ ಮನೆಯಲ್ಲೇ ಲೆಕ್ಕ ಹಾಕಬಹುದು. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಇದೆ ಎನ್ನೋಣ. ಒಂಬತ್ತು ಘನ ಅಡಿ ಆಯಿತು. ನೀರೇ ಸುಮಾರು 250 ಕಿಲೋ. ಹದಿನೈದು ಲೀಟರಿನ ಕೊಡದಲ್ಲಿ ತುಂಬುತ್ತ ಹೋದರೆ ಹದಿನೇಳು ಕೊಡ. ಗಾಜೂ ಹಗುರವಲ್ಲ. ಹತ್ತು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ 25 ಕಿಲೋ ತೂಗುತ್ತದೆ. ಈ ತೊಟ್ಟಿಗೆ ಸುಮಾರು ಐವತ್ತು ಕಿಲೋ ಗಾಜು ಬೇಕು. ಅದರ ಮೇಲೆ ತಳಕ್ಕೆ ಹಾಸುವ ಹರಳುಕಲ್ಲು, ಕೆಳಗಿನ ಕಬ್ಬಿಣದ ಸ್ಟ್ಯಾಂಡು. ಎಲ್ಲ ಕೂಡಿ 370, 380 ಕಿಲೋಗೆ ಬರುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಾದರೆ ನೀರೇ 680 ಕಿಲೋ. ಗಾಜು, ಕಲ್ಲು, ಸ್ಟ್ಯಾಂಡು ಸೇರಿ 950 ಕಿಲೋ. ಅಂದರೆ ಹತ್ತೊಂಬತ್ತು ಸಿಮೆಂಟ್ ಚೀಲ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಚೆನ್ನಾಗಿ ಮೇಯ್ದ ಎರಡು ಎಮ್ಮೆಗಳು ನಿಮ್ಮ ಮಹಡಿಯ ಕೋಣೆಯಲ್ಲಿ ಹಗಲೂ ರಾತ್ರಿ ಕದಲದೆ ನಿಂತ ಹಾಗೆ.

ಈ ಕದಲದೆ ನಿಲ್ಲುವ ಮಾತು ಮುಖ್ಯ. ಮನೆಯಲ್ಲಿ ಮದುವೆ, ಸೀಮಂತ ನಡೆದಾಗ ಮಹಡಿಯ ಮೇಲೆ ಜನ ಸೇರುತ್ತಾರೆ, ಊಟ ಮಾಡುತ್ತಾರೆ, ಇಳಿದು ಹೋಗುತ್ತಾರೆ. ನೆಲಕ್ಕೆ ಬಿಡುವು ಸಿಗುತ್ತದೆ. ತೊಟ್ಟಿ ಹಾಗಲ್ಲ. ಒಮ್ಮೆ ತುಂಬಿದರೆ ವರ್ಷಗಟ್ಟಲೆ ಅಲ್ಲೇ. ಮರದ ಗುಣವೇನೆಂದರೆ, ಒಂದೇ ಭಾರ ಬಹುಕಾಲ ಮೇಲಿದ್ದರೆ ಅದು ನಿಧಾನವಾಗಿ ಬಾಗುತ್ತ ಹೋಗುತ್ತದೆ. ಮೊದಲ ದಿನ ಏನೂ ಆಗಲಿಲ್ಲವೆಂಬುದು ಐದನೇ ವರ್ಷಕ್ಕೆ ಜಾಮೀನಲ್ಲ.

ಹಾಗಾದರೆ ಮಹಡಿಯ ನೆಲ ಎಷ್ಟು ಹೊರಬಲ್ಲದು? ಭಾರತೀಯ ಮಾನಕ ಬ್ಯೂರೋ 1987ರಲ್ಲಿ ಹೊರತಂದ ಐ.ಎಸ್. 875ರ ಎರಡನೇ ಭಾಗದಲ್ಲಿ ಇದಕ್ಕೆ ಅಂಕಿಗಳಿವೆ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ. ಅಡಿಯ ಲೆಕ್ಕದಲ್ಲಿ ಒಂದು ಚದರ ಅಡಿಗೆ ಹತ್ತೊಂಬತ್ತು ಕಿಲೋ. ಜನ ಹತ್ತಿ ಓಡಾಡುವ ಚಪ್ಪಟೆ ಚಾವಣಿಗೆ ಇನ್ನೂ ಕಡಿಮೆ, ಚದರ ಅಡಿಗೆ ಹದಿನಾಲ್ಕು ಕಿಲೋ. ಎಂಜಿನಿಯರು ನಕ್ಷೆ ಮಾಡಿ ಕಟ್ಟಿಸಿದ ಮನೆಗೆ ಈ ಲೆಕ್ಕ. ಮೇಸ್ತ್ರಿಯ ಅನುಭವದ ಮೇಲೆ ಕಟ್ಟಿದ ಮನೆಗೆ ಯಾವ ಅಂಕಿಯನ್ನೂ ಮೊದಲೇ ಹೇಳಲಾಗದು.

ಈಗ ಹೋಲಿಸಿ ನೋಡಿ. ಆರಡಿಯ ತೊಟ್ಟಿ ಕೂರುವುದು ಹನ್ನೆರಡು ಚದರ ಅಡಿಯ ಮೇಲೆ. 950 ಕಿಲೋವನ್ನು ಹನ್ನೆರಡರಿಂದ ಭಾಗಿಸಿದರೆ ಚದರ ಅಡಿಗೆ ಸುಮಾರು ಎಂಬತ್ತು ಕಿಲೋ. ಲೆಕ್ಕದಲ್ಲಿ ಹಿಡಿದದ್ದು ಹತ್ತೊಂಬತ್ತು, ನಾವು ಇಡುತ್ತಿರುವುದು ಎಂಬತ್ತು. ಅಂದಮಾತ್ರಕ್ಕೆ ನೆಲ ಕುಸಿದೇ ಬಿಡುತ್ತದೆ ಎಂದಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ 120 ಚದರ ಅಡಿ ಇದೆ. ಇಡೀ ಕೋಣೆಯ ಲೆಕ್ಕ ಸುಮಾರು 2,200 ಕಿಲೋ. ಒಂದು ಕಡೆ ಹೆಚ್ಚಾದರೂ ಉಳಿದ ಕಡೆ ಖಾಲಿ ಇದ್ದರೆ ನೆಲ ಸ್ವಲ್ಪ ಸಂಭಾಳಿಸಿಕೊಳ್ಳುತ್ತದೆ. ಆದರೆ ಎಲ್ಲಿ ಇಟ್ಟಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಎರಡು ಕಲ್ಲುಗಳ ಮೇಲೆ ಒಂದು ಬಿದಿರಿನ ಗಳ ಇಟ್ಟು ನೋಡಿ. ನಡುವೆ ನಿಂತರೆ ಗಳ ಬಾಗುತ್ತದೆ. ಕಲ್ಲಿನ ಪಕ್ಕದಲ್ಲೇ ನಿಂತರೆ ಬಾಗುವುದು ತಿಳಿಯುವುದೇ ಇಲ್ಲ. ಮನೆಯ ನೆಲವೂ ಹೀಗೆಯೇ, ಎರಡು ಗೋಡೆಗಳ ಮೇಲೆ ಮಲಗಿದ ಗಳಗಳ ಸಾಲು. ಕೋಣೆಯ ತುಂಬ ಹರಡಿದ ಭಾರಕ್ಕಿಂತ, ಅಷ್ಟೇ ಭಾರವನ್ನು ನಟ್ಟನಡುವೆ ಒಂದೇ ಕಡೆ ಇಟ್ಟರೆ ನೆಲವನ್ನು ಬಾಗಿಸುವ ಒತ್ತಡ ಎರಡು ಪಟ್ಟಾಗುತ್ತದೆ. ಹತ್ತು ಅಡಿಯ ಕೋಣೆಯ ನಡುವಿನಲ್ಲಿ ಇಟ್ಟ ತೊಟ್ಟಿಯನ್ನು ಗೋಡೆಗೆ ಒತ್ತಿ ಸರಿಸಿದರೆ ಆ ಒತ್ತಡ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ತೊಟ್ಟಿ ಅದೇ, ನೀರು ಅದೇ, ಮೀನು ಅದೇ. ಜಾಗ ಬದಲಾಯಿತು, ಅಷ್ಟೇ.

ಆದರೆ ಯಾವ ಗೋಡೆಗೆ ಒತ್ತಬೇಕು? ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ಕೋಣೆಗೆ ನಾಲ್ಕು ಗೋಡೆ ಇದ್ದರೂ ಮರದ ಜಂತಿಗಳು ಸಾಮಾನ್ಯವಾಗಿ ಎರಡು ಗೋಡೆಗಳ ಮೇಲೆ ಮಾತ್ರ ಕೂತಿರುತ್ತವೆ. ಕೆಳಗಿನ ಕೋಣೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಜಂತಿಗಳು ಯಾವ ಕಡೆಯಿಂದ ಯಾವ ಕಡೆಗೆ ಹಾಯ್ದಿವೆ ಎಂಬುದು ಕಾಣುತ್ತದೆ. ಅವುಗಳ ತುದಿ ಯಾವ ಗೋಡೆಯಲ್ಲಿ ಹೊಕ್ಕಿದೆಯೋ ಆ ಗೋಡೆಯ ಉದ್ದಕ್ಕೆ ತೊಟ್ಟಿ ಇಡಬೇಕು. ಆಗ ಆರಡಿಯ ತೊಟ್ಟಿ ಮೂರು ನಾಲ್ಕು ಜಂತಿಗಳಿಗೆ ಅಡ್ಡಲಾಗಿ ಕೂರುತ್ತದೆ. ಭಾರ ಹಂಚಿಹೋಗುತ್ತದೆ. ಅದೇ ತೊಟ್ಟಿಯನ್ನು ಇನ್ನೊಂದು ಗೋಡೆಗೆ, ಜಂತಿಯ ಉದ್ದಕ್ಕೆ ಇಟ್ಟರೆ ಒಂದೋ ಎರಡೋ ಜಂತಿಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಗೋಡೆಯ ಪಕ್ಕವೇ. ಒಳಗಿನ ಲೆಕ್ಕ ಮಾತ್ರ ಬೇರೆ ಬೇರೆ.

ಆದ್ದರಿಂದ ನೆಲ ಗಟ್ಟಿ ಇದೆಯೇ ಎಂದು ಕೇಳುವುದಕ್ಕಿಂತ, ಈ ಭಾರ ಯಾವ ದಾರಿಯಿಂದ ಭೂಮಿಗೆ ಇಳಿಯುತ್ತದೆ ಎಂದು ಕೇಳಬೇಕು. ತೊಟ್ಟಿಯಿಂದ ಹಲಗೆಗೆ, ಹಲಗೆಯಿಂದ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೋ ಗೋಡೆಗೋ, ಅಲ್ಲಿಂದ ಬುನಾದಿಗೆ. ಆ ತೊಲೆಯನ್ನು ಮರಾಠಿಯಲ್ಲಿ ತುಳಈ ಎನ್ನುತ್ತಾರೆ, ತೆಲುಗಿನಲ್ಲಿ ದೂಲಂ, ತಮಿಳು ಮಲಯಾಳಂಗಳಲ್ಲಿ ಉತ್ತರಂ. ಹೆಸರು ಯಾವುದಾದರೂ ಕೆಲಸ ಒಂದೇ. ಈ ದಾರಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದವುಗಳ ಗಟ್ಟಿತನ ಉಪಯೋಗಕ್ಕೆ ಬಾರದು.

ನಮ್ಮ ಗಡಿಯ ಊರುಗಳಲ್ಲಿ ಮನೆಗಳು ಒಂದೇ ತರಹ ಇಲ್ಲ. ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಕ್ಷೇಮವಾದದ್ದು ನೆಲಮನೆ. ಭೂಮಿಯ ಮೇಲೆಯೇ ಹಾಸಿದ ನೆಲಕ್ಕೆ ಒಂದು ಟನ್ ದೊಡ್ಡದಲ್ಲ. ಆದರೂ ಮೂರು ವಿಷಯ ನೋಡಬೇಕು. ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು, ಮರಾಠಿಯಲ್ಲಿ ಪೇವ ಎನ್ನುವುದು ಅದನ್ನೇ. ಎಷ್ಟೋ ಕಡೆ ಅದರ ಬಾಯಿ ಮುಚ್ಚಿ ಮೇಲೆ ಕಲ್ಲು ಹಾಸಿದ್ದಾರೆ. ಮನೆಯ ಹಿರಿಯರನ್ನು ಕೇಳಿ, ಹಗೇವಿನ ಮೇಲೆ ತೊಟ್ಟಿ ಬೇಡ. ಎರಡನೆಯದು ಭರ್ತಿ ಮಣ್ಣು. ಸರಿಯಾಗಿ ನೀರು ಹೊಡೆದು ಧುಮ್ಮಸು ಮಾಡದೆ ಹಾಸಿದ ಶಹಾಬಾದ್ ಕಲ್ಲನ್ನು ಕೋಲಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಇಲಿ ಹೆಗ್ಗಣಗಳು ಬಿಲ ತೋಡಿದ್ದರೂ ಹಾಗೆಯೇ. ಮೂರನೆಯದು ಎರೆಭೂಮಿ, ತೆಲುಗಿನ ರೇಗಡಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣು ಇದು. ಇದರ ಮೇಲಿನ ನೆಲ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಮನೆ ಬೀಳುವುದಿಲ್ಲ, ಆದರೆ ತೊಟ್ಟಿಯ ಒಂದು ಮೂಲೆ ತಗ್ಗಿ ಗಾಜಿಗೆ ಪೆಟ್ಟಾಗಬಹುದು.

ಇನ್ನು ಕಾಸರಗೋಡು, ವಯನಾಡಿನ ಕಡೆಯ ಹಳೆಯ ಹೆಂಚಿನ ಮನೆಗಳ ಉಪ್ಪರಿಗೆ. ಕೆಂಪುಕಲ್ಲಿನ ಗೋಡೆ, ಹಲಸು ಅಥವಾ ತೇಗದ ತೊಲೆ, ಮೇಲೆ ಮರದ ಹಲಗೆ. ಆ ಕಡೆ ಇದನ್ನೂ ಮಾಳಿಗೆ ಎನ್ನುವುದುಂಟು. ಬಡಗಣ ಗಡಿಯಲ್ಲಿ ಮಾಳಿಗೆ ಎಂದರೆ ಮಣ್ಣು ಹಾಸಿದ ಚಾವಣಿ. ಉಪ್ಪರಿಗೆಯಲ್ಲಿ ಮರದ ಜಾತಿಗಿಂತ ಅದರ ಆರೋಗ್ಯ ಮುಖ್ಯ. ಮಳೆ ಹೆಚ್ಚು, ತೇವ ಹೆಚ್ಚು, ಗೆದ್ದಲು ಹೆಚ್ಚು. ಜಂತಿ ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಗಾಳಿ ಆಡುವುದಿಲ್ಲ. ಮರ ಕೊಳೆಯುವುದೂ ಗೆದ್ದಲು ತಿನ್ನುವುದೂ ಅಲ್ಲಿಂದಲೇ. ನಡುವೆ ಫಳಫಳ ಹೊಳೆಯುವ ತೊಲೆ ತುದಿಯಲ್ಲಿ ಹಿಟ್ಟಾಗಿರಬಹುದು.

ಮರದ ಬಲಕ್ಕೆ ಒಂದು ವಿಚಿತ್ರ ಲೆಕ್ಕವಿದೆ. ಜಂತಿಯ ಅಗಲ ಎರಡು ಪಟ್ಟಾದರೆ ಬಲ ಎರಡು ಪಟ್ಟು. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಬಾಗದೆ ನಿಲ್ಲುವ ಗುಣ ಎಂಟು ಪಟ್ಟು. ನಮ್ಮ ಬಡಗಿಗಳು ಜಂತಿಯನ್ನು ಮಲಗಿಸದೆ ನಿಲ್ಲಿಸಿ ಕೂರಿಸುವುದು ಇದಕ್ಕೇ. ಇದರ ಇನ್ನೊಂದು ಮುಖವೂ ಇದೆ. ಐದು ಅಂಗುಲ ಎತ್ತರದ ಜಂತಿಯಲ್ಲಿ ಗೆದ್ದಲು ಒಂದು ಅಂಗುಲ ತಿಂದಿತೆನ್ನಿ. ಹೋದದ್ದು ಐದರಲ್ಲಿ ಒಂದು ಪಾಲು ಎನಿಸುತ್ತದೆ. ಆದರೆ ಬಲದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ.

ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲೂ ಹೊಸೂರಿನ ಸುತ್ತಲೂ ಕಲ್ಲಿನ ಚಪ್ಪಡಿ ಹೊದಿಸಿದ ಮನೆಗಳಿವೆ. ಕಲ್ಲು ಗಟ್ಟಿ, ನಿಜ. ಗೋಡೆಯಾಗಿ, ಕಂಬವಾಗಿ ನಿಂತು ಮೇಲಿನ ಭಾರ ಹೊರುವಾಗ ಕಲ್ಲಿಗೆ ಸಮ ಇಲ್ಲ. ಆದರೆ ಚಪ್ಪಡಿಯಾಗಿ ಮಲಗಿ ಬಾಗುವ ಕೆಲಸ ಬಂದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಎಳೆತವನ್ನು ಕಲ್ಲು ತಾಳದು. ಮರ ಮುರಿಯುವ ಮೊದಲು ಬಾಗುತ್ತದೆ, ಕಿರುಗುಟ್ಟುತ್ತದೆ, ಎಚ್ಚರಿಕೆ ಕೊಡುತ್ತದೆ. ಕಲ್ಲು ಏನೂ ಹೇಳದೆ ಒಮ್ಮೆಗೇ ತುಂಡಾಗುತ್ತದೆ. ಚಪ್ಪಡಿಯ ಮೇಲೆ ಭಾರ ಇಡಲೇಬೇಕಾದರೆ ಅಂಕಣದ ನಡುವೆ ಬೇಡ. ಅಂಕಣ ಅಂಕಣಗಳ ಮಧ್ಯೆ ಗೋಡೆಯೋ ಕಂಬದ ಸಾಲೋ ಇರುವ ಗೆರೆಯ ಮೇಲೆ ಇರಲಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಆ ಚಪ್ಪಡಿಯ ಮೇಲೆ ಏನೂ ಬೇಡ.

ಆರ್.ಸಿ.ಸಿ. ಸ್ಲ್ಯಾಬಿನ ಮನೆಗಳು ಈಗ ಎಲ್ಲ ಕಡೆ ಇವೆ. ಸರಿಯಾಗಿ ಕಟ್ಟಿದ ಸ್ಲ್ಯಾಬಿನ ಮೇಲೆ, ತೊಲೆ ಅಥವಾ ಗೋಡೆಯ ಪಕ್ಕದಲ್ಲಿ, ನಾಲ್ಕಡಿಯ ತೊಟ್ಟಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆರಡಿಯದಕ್ಕೆ ಎಂಜಿನಿಯರನ್ನು ಕೇಳಿಯೇ ಮುಂದುವರಿಯಬೇಕು. ಕೆಳಗಿನಿಂದ ನೋಡಿದಾಗ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ, ತುಕ್ಕಿನ ಕಂದು ಗೆರೆಗಳು ಇಳಿದಿದ್ದರೆ, ಆ ಸ್ಲ್ಯಾಬು ಹೊಸ ಭಾರಕ್ಕೆ ತಕ್ಕದ್ದಲ್ಲ. ಸಮುದ್ರದ ಉಪ್ಪುಗಾಳಿ ಬೀಸುವ ಕಾಸರಗೋಡಿನಲ್ಲಿ ಇದನ್ನು ಹೆಚ್ಚು ಗಮನಿಸಬೇಕು. ಗೋಡೆಯಿಂದ ಹೊರಚಾಚಿದ ಬಾಲ್ಕನಿ, ಕಿಟಕಿಯ ಮೇಲಿನ ಸಜ್ಜೆ, ಇವುಗಳ ಮೇಲೆ ತೊಟ್ಟಿಯೂ ಬೇಡ, ಟಾಕಿಯೂ ಬೇಡ.

ಈಗ ಕೈಯಾರೆ ಮಾಡಬಹುದಾದ ಪರೀಕ್ಷೆಗಳು. ಇವಕ್ಕೆ ಹಣ ಬೇಡ, ಒಂದು ಮಧ್ಯಾಹ್ನ ಸಾಕು.

ಮೊದಲನೆಯದು ದಾರದ ಪರೀಕ್ಷೆ. ಜಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಅದರ ಕೆಳಮೈಗೆ ತಾಗಿಸಿ ಒಂದು ಸುತಳಿಯನ್ನು ಬಿಗಿಯಾಗಿ ಹಿಡಿಯಿರಿ. ಜಂತಿ ನಡುವೆ ಬಾಗಿದ್ದರೆ ಅದು ಸುತಳಿಯನ್ನು ಕೆಳಗೆ ಒತ್ತುತ್ತದೆ. ಆಗ ಎರಡೂ ತುದಿಗೆ ಒಂದೊಂದು ಅಂಗುಲದ ಚಕ್ಕೆ ಇಟ್ಟು ದಾರ ಕಟ್ಟಿ, ನಡುವೆ ಎಷ್ಟು ಸಂದು ಉಳಿದಿದೆ ಎಂದು ಅಳೆಯಿರಿ. ಒಂದು ಅಂಗುಲಕ್ಕೆ ಎಷ್ಟು ಕಡಿಮೆಯೋ ಅಷ್ಟು ಬಾಗಿದೆ. ಹತ್ತು ಅಡಿಯ ಜಂತಿ ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗಿದ್ದರೆ ಅದು ಈಗಾಗಲೇ ದಣಿದಿದೆ ಎಂದು ತಿಳಿಯಿರಿ.

ಎರಡನೆಯದು ದಬ್ಬಣದ ಪರೀಕ್ಷೆ. ಜಂತಿಯ ತುದಿಗಳಲ್ಲಿ, ಗೋಡೆಯ ಹತ್ತಿರ, ದಬ್ಬಣದಿಂದ ಒತ್ತಿ. ಆರೋಗ್ಯದ ಮರದಲ್ಲಿ ಮೊನೆ ಮಾತ್ರ ಇಳಿಯುತ್ತದೆ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಒಳಗೆ ಮರ ಉಳಿದಿಲ್ಲ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ, ಗಟ್ಟಿ ಸದ್ದು ಎಲ್ಲಿ ಪೊಳ್ಳಾಗುತ್ತದೆ ಎಂಬುದನ್ನೂ ಕೇಳಿ.

ಮೂರನೆಯದು ಹೆಜ್ಜೆಯ ಪರೀಕ್ಷೆ. ತೊಟ್ಟಿ ಇಡಬೇಕೆಂದಿರುವ ಜಾಗದಲ್ಲಿ ಒಂದು ಸ್ಟೂಲಿನ ಮೇಲೆ ತಂಬಿಗೆ ತುಂಬ ನೀರಿಟ್ಟು, ಒಬ್ಬರು ಕೋಣೆಯಲ್ಲಿ ಜೋರಾಗಿ ನಡೆಯಲಿ. ನೀರು ತುಳುಕಾಡಿದರೆ ನೆಲ ಕುಣಿಯುತ್ತಿದೆ. ಕುಣಿಯುವ ನೆಲ ಗಾಜಿಗೆ ಆಗಿಬರದು.

ಮರದ ನೆಲ ದುರ್ಬಲವೆಂದು ಕಂಡರೆ ಜಂತಿಗಳಿಗೆ ಅಡ್ಡಲಾಗಿ ಕೆಳಗೊಂದು ತೊಲೆ ಕೊಟ್ಟು, ಅದಕ್ಕೆ ಕಂಬ ನಿಲ್ಲಿಸಬಹುದು. ಕಂಬದ ಬುಡ ಹಾಸುಗಲ್ಲಿನ ಮೇಲಲ್ಲ, ಗಟ್ಟಿ ನೆಲದವರೆಗೆ ಅಗೆದು ಇಟ್ಟ ಕಲ್ಲಿನ ಮೇಲೆ ಇರಬೇಕು. ಆರ್.ಸಿ.ಸಿ. ಸ್ಲ್ಯಾಬಿಗೆ ಮಾತ್ರ ಮನಸ್ಸಿಗೆ ಬಂದ ಕಡೆ ಕಂಬ ಕೊಡಬೇಡಿ. ಸ್ಲ್ಯಾಬಿನ ನಡುಭಾಗದಲ್ಲಿ ಸರಳು ಇರುವುದು ಕೆಳಮೈಯಲ್ಲಿ. ಅಲ್ಲಿ ಶಾಶ್ವತ ಕಂಬ ನಿಲ್ಲಿಸಿದರೆ ಎಳೆತ ಮೇಲ್ಮೈಗೆ ಬರುತ್ತದೆ, ಅಲ್ಲಿ ಸರಳಿಲ್ಲದೆ ಬಿರುಕು ಬಿಡಬಹುದು. ಅದು ಎಂಜಿನಿಯರು ನೋಡಿ ಹೇಳಬೇಕಾದ ಕೆಲಸ.

ಕೇಳುಗರೇ, ಈಗ ಚಾವಣಿಯ ಮಾತಿಗೆ ಬರೋಣ. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ಬಹಳಷ್ಟು ಹಳ್ಳಿಗಳಲ್ಲಿ ಮನೆಗೆ ನಲ್ಲಿ ಬಂತು. ನೀರು ದಿನವಿಡೀ ಬರುವುದಿಲ್ಲ, ಬಂದಾಗ ಹಿಡಿದಿಡಬೇಕು. ಹೀಗಾಗಿ ನಾವು ಸಿಂಟೆಕ್ಸ್ ಎಂದೇ ಕರೆಯುವ ಪ್ಲಾಸ್ಟಿಕ್ ಟಾಕಿ ಮನೆಯ ಮೇಲೇರುತ್ತದೆ. ಖಾಲಿ ಟಾಕಿಯನ್ನು ಇಬ್ಬರು ಹುಡುಗರು ಏಣಿಯ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಮೋಸ ಇರುವುದು ಅಲ್ಲೇ. ಸಾವಿರ ಲೀಟರ್ ತುಂಬಿದ ಮೇಲೆ ಅದು ಒಂದು ಟನ್. ಮೂರೂವರೆ ಅಡಿ ಅಡ್ಡಗಲದ ಟಾಕಿ ಚದರ ಅಡಿಗೆ ನೂರು ಕಿಲೋಗೂ ಮಿಕ್ಕಿ ಒತ್ತುತ್ತದೆ. ಚಾವಣಿಯ ಲೆಕ್ಕ ಹದಿನಾಲ್ಕು ಎಂದು ಆಗಲೇ ಹೇಳಿದೆವು.

ಮರಾಠಿಯವರು ಮಾಳವದ ಎನ್ನುವ, ತೆಲುಗಿನವರು ಮಿದ್ದೆ ಎನ್ನುವ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹಿರಿಯರು ಹೀಗೆ ಹೇಳುವುದುಂಟು: "ಅಜ್ಜನ ಕಾಲದ ಮಾಳಿಗಿ ಐತಿ ತಮ್ಮಾ, ಇಷ್ಟು ಮಣ್ಣು ಹೊತ್ತೈತಿ, ಒಂದು ಟಾಕಿಗೆ ಏನಾಗತೈತಿ?" ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಅಡಿ ದಪ್ಪದ ಮಣ್ಣು ಚದರ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯ ಮೇಲೆ ಐದೂವರೆ ಟನ್ ಆಯಿತು. ಮಾಳಿಗೆ ಅದನ್ನು ಹೊತ್ತಿರುವುದು ನಿಜ. ಆದರೆ ಹೊತ್ತು ಹೊತ್ತು ತನ್ನ ಶಕ್ತಿಯ ಅಂಚಿಗೆ ಬಂದಿರುವುದೂ ನಿಜ. ಮಳೆಗಾಲಕ್ಕೆ ಮೊದಲು ಸೋರುವುದನ್ನು ತಡೆಯಲು ಹಳೆಯ ಮಣ್ಣಿನ ಮೇಲೆ ಹೊಸ ಸವುಳು ಮಣ್ಣು ಹಾಕುತ್ತೇವೆ. ಅಜ್ಜನ ಕಾಲದಲ್ಲಿ ಇದ್ದ ದಪ್ಪ ಇಂದು ಉಳಿದಿಲ್ಲ, ಏರಿದೆ. ಕೆಳಗಿನ ಮರಕ್ಕೆ ವಯಸ್ಸಾಗಿದೆ. ಮಳೆ ಬಂದು ಮಣ್ಣು ನೆನೆದ ದಿನ ಭಾರ ಇನ್ನೂ ಹೆಚ್ಚು. ಹೊಸ ಮಣ್ಣು ಹಾಕುವ ಮೊದಲು ಅಷ್ಟೇ ಹಳೆಯ ಮಣ್ಣನ್ನು ಕೆರೆದು ತೆಗೆಯುವುದು ಒಳ್ಳೆಯ ರೂಢಿ.

ತಲೆಯ ಮೇಲಿನ ಭಾರ ಏನು ಮಾಡಬಲ್ಲದು ಎಂಬುದನ್ನು ನಮ್ಮ ಬಡಗಣ ಗಡಿ ಕಣ್ಣಾರೆ ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವು ನಿಮಿಷ ಮೊದಲು, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸೋಲಾಪುರ, ಕಲಬುರಗಿ, ಬೀದರಗಳಲ್ಲೂ ಜನ ಬೆಚ್ಚಿ ಹೊರಗೆ ಬಂದರು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕಂಪನ ಸುಮಾರು 6.2ರ ತೀವ್ರತೆಯದು. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕಂಪನಗಳು ಎಷ್ಟೋ ಆಗಿವೆ. ಇಷ್ಟೊಂದು ಸಾವಿಗೆ ಕಾರಣವಾದದ್ದು ಕೆಸರಿನಲ್ಲಿ ಕಟ್ಟಿದ ಒಡ್ಡುಕಲ್ಲಿನ ದಪ್ಪ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡಿತು, ಮಲಗಿದವರ ಮೇಲೆ ಕಲ್ಲು ಮಣ್ಣು ಕುಸಿಯಿತು. ಭೂಮಿ ನಡುಗುವಾಗ ಮನೆಯ ಮೇಲೆ ಎಷ್ಟು ಭಾರವಿದೆಯೋ ಅಷ್ಟು ಜೋರಾಗಿ ಅದು ಗೋಡೆಯನ್ನು ಅಡ್ಡಲಾಗಿ ತಳ್ಳುತ್ತದೆ. ಅಂತಹ ಮನೆಯ ಮೇಲೆ ಇನ್ನೊಂದು ಟನ್ ನೀರು ಏರಿಸುವುದು ಬೇಡವೇ ಬೇಡ.

ಹಾಗಾದರೆ ಟಾಕಿ ಎಲ್ಲಿಡುವುದು? ಮಣ್ಣಿನ ಮಾಳಿಗೆಯ ಮನೆಗೆ ಒಂದೇ ಉತ್ತರ. ಮನೆಯ ಪಕ್ಕದಲ್ಲಿ, ಸ್ವಂತ ಬುನಾದಿಯಿರುವ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡು. ಅದಕ್ಕೂ ಮನೆಗೂ ನಂಟು ಬೇಡ, ಪೈಪು ಮಾತ್ರ ಬರಲಿ. ಆರ್.ಸಿ.ಸಿ. ಚಾವಣಿಯಾದರೆ ಸ್ಲ್ಯಾಬಿನ ನಡುವೆ ಬಿಟ್ಟು, ಎರಡು ಗೋಡೆ ಕೂಡುವ ಮೂಲೆಯ ಮೇಲೆ ಅಥವಾ ಕಂಬಗಳ ಮೇಲೆ ಹಾಯ್ದ ತೊಲೆಯ ನೆತ್ತಿಯ ಮೇಲೆ. ಗೋಡೆಯಿಂದ ಗೋಡೆಗೆ ಎರಡು ಗರ್ಡರ್ ಇಟ್ಟು ಅದರ ಮೇಲೆ ಕೂರಿಸಿದರೆ ಭಾರ ಸ್ಲ್ಯಾಬಿಗೆ ತಾಗದೆ ನೇರ ಗೋಡೆಗೆ ಇಳಿಯುತ್ತದೆ.

ಭಾರವಲ್ಲದೆ ಇನ್ನೊಂದು ಅಪಾಯವಿದೆ. ಅದು ಸೋರಿಕೆ. ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ, ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಒಣಗಿದ್ದಾಗ ಗಟ್ಟಿ. ನೆನೆದರೆ ಬಲ ಕಳೆದುಕೊಳ್ಳುತ್ತವೆ. ಟಾಕಿ ತುಂಬಿ ಹೊರಚೆಲ್ಲುವ ನೀರು ದಿನವೂ ಅದೇ ಗೋಡೆಯ ಮೇಲೆ ಇಳಿಯುತ್ತಿದ್ದರೆ, ಭಾರ ಹೊರಬೇಕಾದ ಗೋಡೆಯನ್ನು ನಾವೇ ಕರಗಿಸಿದಂತೆ. ತುಂಬಿ ಹರಿಯುವ ನೀರಿಗೆ ಬೇರೆ ಪೈಪು ಹಾಕಿ ಗೋಡೆಯಿಂದ ದೂರ, ತೆಂಗಿನ ಗಿಡಕ್ಕೋ ಹಿತ್ತಲಿಗೋ ಬಿಡಿ. ಮೀನಿನ ತೊಟ್ಟಿಯೂ ಹನಿ ಹನಿ ಸೋರಿ ಕೆಳಗಿನ ಹಲಗೆ, ಜಂತಿಗಳನ್ನು ಕೊಳೆಸಬಹುದು. ತಿಂಗಳಿಗೊಮ್ಮೆ ಕೈಯಾಡಿಸಿ ತೇವ ಇದೆಯೇ ನೋಡಿ.

ಕೊನೆಯದಾಗಿ ತೊಟ್ಟಿ ತುಂಬುವ ಕ್ರಮ. ಸ್ಟ್ಯಾಂಡಿನ ನಾಲ್ಕು ಸಣ್ಣ ಕಾಲುಗಳು ನೆಲಕ್ಕೆ ಚುಚ್ಚದಂತೆ ಕೆಳಗೆ ದಪ್ಪ ಹಲಗೆ ಹಾಸಿ, ಆ ಹಲಗೆ ಜಂತಿಗಳಿಗೆ ಅಡ್ಡಲಾಗಿರಲಿ. ತೊಟ್ಟಿಯ ತಳಕ್ಕೂ ಸ್ಟ್ಯಾಂಡಿಗೂ ನಡುವೆ ಥರ್ಮೋಕೋಲ್ ಹಾಳೆ ಇರಲಿ. ಮೂರನೇ ಒಂದು ಭಾಗ ನೀರು ಹಾಕಿ ನಿಲ್ಲಿಸಿ. ಈಗ ಆ ನೀರೇ ನಿಮ್ಮ ರಸಮಟ್ಟ. ನಾಲ್ಕು ಮೂಲೆಯಲ್ಲೂ ತೊಟ್ಟಿಯ ಅಂಚಿನಿಂದ ನೀರಿನ ಮೇಲ್ಮೈಗೆ ಎಷ್ಟು ದೂರ ಎಂದು ಅಳೆದು ಬರೆದಿಡಿ. ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ನೀರು ಆರಿದರೆ ನಾಲ್ಕೂ ಮೂಲೆಯಲ್ಲಿ ಒಂದೇ ಸಮ ಇಳಿಯುತ್ತದೆ. ಒಂದು ಮೂಲೆಯ ಅಂಕಿ ಮಾತ್ರ ಬದಲಾಗಿದ್ದರೆ ನೆಲ ಅಲ್ಲಿ ತಗ್ಗುತ್ತಿದೆ, ನೀರು ತೆಗೆದುಬಿಡಿ. ಸರಿಯಿದ್ದರೆ ಇನ್ನೊಂದು ಭಾಗ, ಮತ್ತೊಂದು ದಿನ, ಮತ್ತೆ ಅಳತೆ. ನೆಲ ಕುಸಿಯಬೇಕಾಗಿಲ್ಲ, ಒಂದು ಮೂಲೆ ಸ್ವಲ್ಪ ತಗ್ಗಿದರೂ ಗಾಜು ತಿರುಚಿದಂತಾಗಿ ಅಂಟು ಬಿಡುತ್ತದೆ. ಮೀನು ಬಿಡುವುದು ಇದೆಲ್ಲ ಆದ ಮೇಲೆ.

ಹೊಸ ಬಿರುಕು, ಕೆಳಗಿನ ಕೋಣೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಮಣ್ಣು ಅಥವಾ ಗಿಲಾವು ಉದುರುವುದು, ರಾತ್ರಿ ಮರ ಕಿರುಗುಟ್ಟುವುದು, ಇವು ಮನೆ ಆಡುವ ಮಾತು. ಕೇಳಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ, ರಬ್ಬರ್ ನಳಿಗೆ ಹಚ್ಚಿ ನೀರು ಖಾಲಿ ಮಾಡುವುದು. ನೀರಿನ ದೊಡ್ಡ ಗುಣ ಇದು. ಬೇಡವೆಂದರೆ ಒಂದು ಟನ್ ಭಾರವನ್ನೂ ಇಳಿಸಿಬಿಡಬಹುದು.

ಇಷ್ಟನ್ನು ನೆನಪಿಡೋಣ. ಒಂದು ಘನ ಅಡಿ ನೀರು 28 ಕಿಲೋ. ನಡುವೆ ಬೇಡ, ಜಂತಿ ಕೂತ ಗೋಡೆಯ ಪಕ್ಕಕ್ಕೆ, ಜಂತಿಗಳಿಗೆ ಅಡ್ಡಲಾಗಿ. ಕಲ್ಲು ಚಪ್ಪಡಿಯ ನಡುವೆ, ಮಣ್ಣಿನ ಮಾಳಿಗೆಯ ಮೇಲೆ, ಹೊರಚಾಚಿದ ಬಾಲ್ಕನಿಯ ಮೇಲೆ ಬೇಡ. ಅನುಮಾನ ಬಂದರೆ ನೆಲಮನೆ, ಅಥವಾ ಚಿಕ್ಕ ತೊಟ್ಟಿ. ಎರಡಡಿಯ ತೊಟ್ಟಿಯಲ್ಲಿ ಆಡುವ ಮೀನೂ ಮೀನೇ, ಅದನ್ನು ನೋಡಿ ನಗುವ ಮಗುವೂ ಮಗುವೇ. ತೊಟ್ಟಿ ಕೊಳ್ಳುವ ಮೊದಲು ಒಮ್ಮೆ ಕೆಳಗಿನ ಕೋಣೆಗೆ ಹೋಗಿ, ತಲೆಯೆತ್ತಿ ಜಂತಿಗಳನ್ನು ನೋಡಿ ಬನ್ನಿ.